ಸುದ್ದಿ ಬರುವ ತನಕ

ಈಸ್ಟರ್ ಹಬ್ಬದ ದಿನ ನಮ್ಮ ಸಭೆಯವರು ಬೆಳಕು ಹರಿಯುವ ಮೊದಲೇ ಸ್ಮಶಾನದ ಗೇಟಿನ ಮುಂದೆ ಸೇರುತ್ತಾರೆ. ಯಾರೂ ಒಳಗೆ ಹೋಗುವುದಿಲ್ಲ. ಬೈಬಲಿನ ಕಥೆಯಲ್ಲಿ ಸ್ವಾಮಿಯ ಸಮಾಧಿಗೆ ಹೋದವರ ಹಾಗೆ ಮೂವರು ಹೆಂಗಸರು ಮಾತ್ರ ಗೋರಿಗಳ ತನಕ ಹೋಗಿ, ಓಡಿ ಬಂದು, ‘ಎದ್ದಾನ’ ಎಂದು ಕೂಗಬೇಕು. ಆ ಸುದ್ದಿ ಬಂದ ಮೇಲೆಯೇ ಉಳಿದವರು ಮೇಣದಬತ್ತಿ ಹಚ್ಚಿ, ಹಾಡುತ್ತ ಒಳಗೆ ಹೋಗಿ ತಮ್ಮವರ ಗೋರಿಗಳ ಮೇಲೆ ಹೂ ಇಡುತ್ತಾರೆ. ಇಳಕಲ್ಲಿನಲ್ಲಿ ನಮ್ಮದು ಮೂವತ್ತೆಂಟು ಮನೆಗಳ ಸಭೆ. ಅಜ್ಜಂದಿರು ಮಗ್ಗದ ಕೆಲಸಕ್ಕೆ ಬಂದ ಕಾಲದಿಂದ ಈ ಪದ್ಧತಿ ನಡೆದಿದೆ. ಆ ಮೂವರೂ ವಿಧವೆಯರಾಗಿರಬೇಕೆಂದು ಎಲ್ಲೂ ಬರೆದಿಲ್ಲ. ಆದರೆ ಹೋಗುತ್ತಿದ್ದವರು ಅವರೇ.

ಹೋದ ವರ್ಷ ಮೂರನೆಯವಳಾಗಿ ನಾನು ಹೋಗಿದ್ದೆ. ನನ್ನ ಗಂಡ ದಯಾನಂದ ತೀರಿಕೊಂಡು ಆಗ ಐದು ತಿಂಗಳಾಗಿತ್ತು. ಗ್ರಾನೈಟ್ ಪಾಲಿಶ್ ಮಾಡುವ ಕಡೆ ಕೆಲಸ. ಸ್ಟ್ಯಾಂಡಿಗೆ ಒರಗಿಸಿಟ್ಟ ಹಾಸುಗಲ್ಲು ಜಾರಿ ಮೇಲೆ ಬಿತ್ತು. ಕ್ರೇನ್ ಬರುವ ತನಕ ಯಾರೂ ಮುಟ್ಟಬೇಡಿ ಎಂದರಂತೆ. ಕ್ರೇನ್ ಬರಲು ನಲವತ್ತು ನಿಮಿಷ ಹಿಡಿಯಿತು.

ಆಮೇಲೆ ನಾನು ಎಲ್ಲದಕ್ಕೂ ಹೂಂ ಅನ್ನತೊಡಗಿದೆ. ಹೂಂ ಅಂದರೆ ಮಾತು ಬೇಗ ಮುಗಿಯುತ್ತದೆ. ಈಸ್ಟರಿಗೆ ಗೋರಿ ತನಕ ಹೋಗ್ತೀಯೇನವಾ ಅಂದರು, ಹೂಂ ಅಂದೆ. ಭಾನುವಾರದ ಮಕ್ಕಳ ಶಾಲೆ ನೋಡಿಕೊಳ್ಳುತ್ತೀಯಾ ಅಂದರು, ಅದಕ್ಕೂ ಹೂಂ. ಧಾರವಾಡದಲ್ಲಿ ಎಂ.ಎ. ಓದಿದವಳು, ಹುನಗುಂದದ ಹೈಸ್ಕೂಲಿನಲ್ಲಿ ಪಾಠ ಮಾಡುವವಳು, ಬೇರೆ ಯಾರು ನೋಡಿಕೊಳ್ಳಬೇಕು ಎಂಬುದು ಅವರ ಲೆಕ್ಕ.

ಜೂನ್ ತಿಂಗಳಲ್ಲಿ ನಮ್ಮ ಗುಡಿಗೆ, ಚರ್ಚಿಗೆ ನಾವು ಅನ್ನುವುದೇ ಹಾಗೆ, ಹೊಸ ಪಾಸ್ಟರ್ ಬಂದರು. ಬಂದ ಎರಡನೇ ವಾರವೇ ಹಿರಿಯರ ಕೂಟದಲ್ಲಿ ಕೇಳಿದರು.

“ನಮ್ಮ ಹುಡುಗೂರು ಗುಡಿಗೆ ಬರೂದು ಚಾಪಿ ಮ್ಯಾಲ ಕುಂದ್ರಾಕ ಅಷ್ಟ ಏನ್ರಿ? ವರ್ಷಕ್ಕ ಒಂದ ಹಾಡ ಹಾಡಿ, ಚಾಕಲೇಟ್ ತಗೊಂಡ ಹೋಗಾಕ?”

ಸಭೆಯ ಹಿರಿಯ ಕಾಶಪ್ಪಜ್ಜನಿಗೆ ಇದು ಹಿಡಿಸಲಿಲ್ಲ. ಎಪ್ಪತ್ತಾರು ವರ್ಷ, ಕೈಯಲ್ಲಿ ಕೋಲು, ಧ್ವನಿ ಇನ್ನೂ ಗಟ್ಟಿ. “ಹುಡುಗೂರ ಕೈಯಾಗ ಕೊಟ್ರ ಆರಾಧನಿ ಹೋಗಿ ಸಾಲಿ ಗ್ಯಾದರಿಂಗ್ ಆಗತೈತ್ರಿ.”

“ಈಗ ಕೊಡಲಿಲ್ಲಂದ್ರ ಅಜ್ಜಾರ, ಮುಂದ ಕೊಡಾಕ ಯಾರೂ ಉಳಿಯಾಂಗಿಲ್ಲ.”

ಹೀಗೆ ಒಂದೊಂದೇ ಕೆಲಸ ಮಕ್ಕಳ ಕೈಗೆ ಬಂತು. ಗಂಟೆ ಬಾರಿಸುವುದು, ಪಾಠ ಓದುವುದು, ಬಾಗಿಲಲ್ಲಿ ನಿಂತು ಬಂದವರನ್ನು ಕೂರಿಸುವುದು. ಕೊನೆಗೆ ಈಸ್ಟರ್ ಬೆಳಗು. ಈ ಸಲ ಆ ಬೈಬಲ್ ಕಥೆಯನ್ನೇ ಮಕ್ಕಳು ಆಟವಾಗಿ ಆಡುವುದೆಂದಾಯಿತು, ಮುಚ್ಚಿದ ಸಮಾಧಿ, ಸರಿಯುವ ಕಲ್ಲು ಎಲ್ಲ ಇಟ್ಟು. ಮೂವರು ಹೆಂಗಸರಾಗಿ ಜಯಶ್ರೀ ಮತ್ತು ಅವಳ ಇಬ್ಬರು ಗೆಳತಿಯರು. ಮೂವರೂ ಹತ್ತನೆಯ ಇಯತ್ತೆ ಮುಗಿಸಿದವರು. ಸಮಾಧಿ ಕಟ್ಟುವ ಕೆಲಸ ಯುವರಾಜ ಮತ್ತು ಅವನ ಮೂವರು ದೋಸ್ತರದು. ಯುವರಾಜನಿಗೆ ಹದಿನೇಳು, ಅವನ ಅಪ್ಪ ಕಲ್ಲು ಸಾಗಿಸುವ ಟ್ರ್ಯಾಕ್ಟರ್ ಓಡಿಸುತ್ತಾನೆ. ಸಮಾಧಿಯೊಳಗೆ ಕೂರುವ ದೇವದೂತ ಪ್ರಿಯದರ್ಶಿನಿ, ಕಾಶಪ್ಪಜ್ಜನ ಮೊಮ್ಮಗಳು, ಏಳು ವರ್ಷದವಳು. ಅಪ್ಪ ಅವ್ವ ಬಾಗಲಕೋಟೆಯಲ್ಲಿ ಕೆಲಸದಲ್ಲಿದ್ದಾರೆ. ಅವಳು ಅಜ್ಜನ ಹತ್ತಿರ ಬೆಳೆಯುತ್ತಿದ್ದಾಳೆ. ಅವಳನ್ನು ದೇವದೂತ ಮಾಡಿದ ಮೇಲೆ ಅಜ್ಜ ಗೊಣಗುವುದನ್ನು ಬಿಟ್ಟರು.

ಆಟದ ಮಾತುಗಳನ್ನು ಬರೆದದ್ದು ನಾನು. ಎರಡೇ ಪುಟ. ಈ ವರ್ಷ ಗೇಟು ದಾಟಿ ನಾನು ಮುಂದೆ ಹೋಗಬೇಕಾಗಿಲ್ಲವೆಂದು ಒಳಗೊಳಗೇ ಸಮಾಧಾನವಾಗಿತ್ತು.

ತಾಲೀಮು ಗುಡಿಯ ಅಂಗಳದಲ್ಲಿ ನಡೆಯುತ್ತಿತ್ತು. ಥರ್ಮಾಕೋಲಿನ ಕಲ್ಲು, ಅದಕ್ಕೆ ಕಂದು ಬಣ್ಣ. ಪ್ರಿಯದರ್ಶಿನಿಗೆ ಅದರ ಹಿಂದೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ನಡುನಡುವೆ “ಅಕ್ಕಾರ, ಈಗ ಬರಲ್ಯಾ?” ಎಂದು ಒದರುತ್ತಿದ್ದಳು. ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು.

ಒಂದು ದಿನ ನಾನು ಅವಳನ್ನು ಎದುರಿಗೆ ನಿಲ್ಲಿಸಿಕೊಂಡೆ. “ಜಯಕ್ಕ ಏನ್ ಅಂತಾಳ?”

“‘ಈ ಕಲ್ಲು ಸರಿಸಿಕೊಡುವವರು ನಮಗೆ ಯಾರಿದ್ದಾರೆ?’”

“ಆ ಮಾತು ಕೇಳೋತನಕ ಬಾಯಿ ಬಿಚ್ಚಂಗಿಲ್ಲ. ಯಾರ ಹೆಸರ ಹಿಡದ ಕರದ್ರೂ ಓ ಅನ್ನಂಗಿಲ್ಲ.”

“ಅಜ್ಜ ಕರದ್ರ?”

“ಅಜ್ಜ ಕರದ್ರೂ.”

“ಉಚ್ಚಿ ಬಂದ್ರ?”

“ಬಂದ್ರೂ.”

“ಅಕ್ಕಾರ, ಆವಾಗ ಸಮಾಧಿಯಿಂದ ಹೊಳಿ ಹರೀತೈತ್ರಿ,” ಎಂದ ಯುವರಾಜ. ಅವಳು ಅವನ ಮೊಣಕಾಲಿಗೆ ಒದ್ದಳು. ಆದರೆ ಅಂದಿನಿಂದ ಒಮ್ಮೆಯೂ ತಪ್ಪಲಿಲ್ಲ. ಜಯಶ್ರೀಯ ಮಾತು ಮುಗಿದ ಮೇಲೆಯೇ ಎದ್ದು ನಿಂತು, ಪುಸ್ತಕದ ಕನ್ನಡದಲ್ಲಿ, “ಹೆದರಬೇಡಿರಿ” ಅನ್ನುತ್ತಿದ್ದಳು.

ಅವಳ ಅಂಗಿಗೆ ಬಿಳಿ ಬಟ್ಟೆ ಬೇಕೆಂದು ಜಯಶ್ರೀ ಕೇಳಿದಾಗ ನನ್ನ ಮದುವೆಯ ಬಿಳಿ ಸೀರೆ ತೆಗೆದುಕೊಟ್ಟೆ.

ಶುಭ ಶುಕ್ರವಾರದ ಮೂರು ಗಂಟೆಯ ಆರಾಧನೆ ಮುಗಿದಿತ್ತು. ನಾನು ಹಾಡಿನ ಪುಸ್ತಕಗಳನ್ನು ಒಟ್ಟುತ್ತಿದ್ದೆ. ಯುವರಾಜ ಬಂದು ಏನೋ ಕೇಳಿದ. ಹೂಂ ಅಂದೆ. ಅವನು ಖುಷಿಯಿಂದ ಓಡಿದ.

*

ಶನಿವಾರ ಸಂಜೆ ಗುಡುಗಿ ಮಳೆಯಾಯಿತು. ಭಾನುವಾರ ಐದೂವರೆಗೆ ನಾವು ಗೂಡೂರ ರಸ್ತೆಯ ಸ್ಮಶಾನದ ಗೇಟಿಗೆ ಬಂದಾಗ ನೆಲ ಇನ್ನೂ ಹಸಿ ಇತ್ತು. ಮೂಡಣದಲ್ಲಿ ಒಂದಿಷ್ಟು ಬೂದು ಬೆಳಕು. ನೂರಕ್ಕೂ ಹೆಚ್ಚು ಜನ, ಹಚ್ಚದ ಮೇಣದಬತ್ತಿ ಹಿಡಿದು ನಿಂತಿದ್ದರು. ಸಮಾಧಿ ಸ್ಮಶಾನದ ಹಿಂದಿನ ಮೂಲೆಯಲ್ಲಿ, ಜಾಲಿ ಗಿಡಗಳ ಆಚೆ, ಗೇಟಿನಿಂದ ಕಾಣುವುದಿಲ್ಲ. ಗಂಡುಹುಡುಗರೂ ಪ್ರಿಯದರ್ಶಿನಿಯೂ ಮೊದಲೇ ಹೋಗಿದ್ದರು. ಪಾಸ್ಟರ್ ಪ್ರಾರ್ಥನೆ ಮಾಡಿದರು. ಮೂವರು ಹುಡುಗಿಯರು ತಲೆಯ ಮೇಲೆ ಸೆರಗು ಹೊದ್ದು ಒಳಗೆ ನಡೆದರು.

ನನ್ನ ಪಕ್ಕದಲ್ಲಿ ತಾಯವ್ವ ಇದ್ದಳು. ಇಪ್ಪತ್ತು ವರ್ಷ ಆ ಮೂವರಲ್ಲಿ ಒಬ್ಬಳಾಗಿ ಹೋದವಳು.

“ಈ ಸಲ ನಮಗ ರಜಾ ಕೊಟ್ಟಾರ ನೋಡ ಸುಗುಣಾ,” ಎಂದು ಪಿಸುಗುಟ್ಟಿದಳು. “ಹುಡುಗೂರು ಭಾಳ ಜೋರ ಅದಾರವಾ. ನಿನ್ನಿ ನಮ್ಮ ಮನಿ ಮುಂದನ ಟ್ರ್ಯಾಕ್ಟರ್‌ದಾಗ ಕಲ್ಲ ಒಯ್ದ್ರು. ಎದಿಮಟ ಎತ್ತರ ಐತಿ. ಕೆಂಪ ಕಲ್ಲು. ಪಾಲಿಶ್ ಹೊಡದದ್ದು.”

“ಯಾವ ಕಲ್ಲ?”

“ಸಮಾಧಿ ಬಾಗಲಕ್ಕ! ನಿನ್ನ ಕೇಳೇವಿ ಅಂದ ಯುವರಾಜ.”

ಆಗ ಅವನ ಮಾತು ನನ್ನ ಕಿವಿಗೆ ಬಿತ್ತು. ಎರಡು ದಿನ ತಡವಾಗಿ, ಒಂದೊಂದೇ ಶಬ್ದ. *ಅಕ್ಕಾರ, ಥರ್ಮಾಕೋಲ್ ಸುಳ್ಳ ಕಾಣಸ್ತೈತ್ರಿ. ಇಳಕಲ್ಲಾಗ ಹುಟ್ಟಿ ಥರ್ಮಾಕೋಲ್ ಕಲ್ಲ ಇಟ್ರ ಮಂದಿ ನಗತಾರ. ರಿಜೆಕ್ಟ್ ಮಾಲಿನಾಗ ಒಂದ ಖರೆ ಹಾಸುಗಲ್ಲ ಐತಿ. ಕೆಳಗ ಎರಡ ಪೈಪ್ ಇಟ್ರ ಉಳ್ಳತೈತಿ. ತರೂನ್ರಿ?*

ಹೂಂ ಅಂದಿದ್ದೆ.

ನನ್ನ ಕೈಯ ಮೇಣದಬತ್ತಿ ಮುರಿಯಿತು. ಹಸಿ ಮಣ್ಣು, ಪೈಪು, ಅದರ ಮೇಲೆ ಒಂದೂವರೆ ಕ್ವಿಂಟಲ್ ಕಲ್ಲು, ಅದರ ಹಿಂದೆ ಕೂಸು. ಕಾಶಪ್ಪಜ್ಜ ಗೇಟಿಗೆ ಕೋಲು ಅಡ್ಡ ಹಿಡಿದು ನಿಂತಿದ್ದರು. ಅವರ ಹತ್ತಿರ ಹೋದೆ.

“ಅಜ್ಜಾರ, ನಾ ಒಳಗ ಹೋಗಬೇಕ್ರಿ.”

“ಸುದ್ದಿ ಬರಲಿ.”

“ಹುಡುಗೂರು ಕಲ್ಲ...”

“ಸುದ್ದಿ ಬರೋತನಕ ಯಾರೂ ಹೋಗಂಗಿಲ್ಲ. ನಿನಗ ಗೊತ್ತಿಲ್ಲೇನು? ಸುಮ್ನ ನಿಂದ್ರು.”

ಆಗಲೇ ಒಳಗಿನಿಂದ ಚೀರಿದ್ದು ಕೇಳಿಸಿತು. ಒಂದು ಹುಡುಗಿಯ ಧ್ವನಿ. ಮತ್ತೆ ಇನ್ನೊಂದು.

ಹಿಂದೆ ಯಾರೋ ಮೆಚ್ಚಿ ಲೊಚಗುಟ್ಟಿದರು. “ಎಷ್ಟ ಖರೆ ಅಳಾಕತ್ತಾರ ನೋಡ್ರಿ!”

“ಎದಿ ಢವಢವ ಅಂತೈತಿ.”

“ಶ್! ಆರಾಧನಿ ನಡದೈತಿ.”

ನಾನು ಬರೆದ ಎರಡು ಪುಟಗಳಲ್ಲಿ ಚೀರುವುದು ಇರಲಿಲ್ಲ. ಆದರೂ ನಿಂತೆ. ಇದನ್ನು ಬರೆಯಲೇಬೇಕು. ಹುಡುಗರೇ ಸೇರಿಸಿರಬಹುದು, ಅದಕ್ಕೂ ನಾನು ಹೂಂ ಅಂದಿರಬಹುದು ಎಂದುಕೊಂಡು, ಇಪ್ಪತ್ತು ಮೂವತ್ತು ಉಸಿರಿನಷ್ಟು ಹೊತ್ತು ನಾನೂ ಎಲ್ಲರ ಹಾಗೆ ನಿಂತೇ ಇದ್ದೆ.

ಜಯಶ್ರೀ ಓಡಿ ಬಂದಳು. ಸೆರಗು ಬಿದ್ದುಹೋಗಿತ್ತು. ಬಾಯಿ ತೆರೆದಿತ್ತು, ಧ್ವನಿ ಇರಲಿಲ್ಲ. ಕೈ ಹಿಂದಕ್ಕೆ ತೋರಿಸುತ್ತಿತ್ತು.

ಕಾಶಪ್ಪಜ್ಜ ಕೋಲು ಎತ್ತಿದರು. “ಸುದ್ದಿ ಬಂತು!” ಎಂದು ತಾವೇ ಹಾಡು ಎತ್ತಿದರು. ನೂರು ಧ್ವನಿಗಳು ಕೂಡಿಕೊಂಡವು. ಬೆಂಕಿಕಡ್ಡಿ ಗೀರುವ ಸದ್ದು, ಮೇಣದಬತ್ತಿಗಳು. ಜಯಶ್ರೀ ಆ ಹಾಡಿನ ನಡುವೆ ನಿಂತು ತಲೆ ಅಲ್ಲಾಡಿಸುತ್ತಿದ್ದಳು. ಅವಳ ಭುಜ ಹಿಡಿದೆ.

“ಬಿತ್ತು,” ಎಂದಳು. “ಅಕ್ಕಾರ, ಕಲ್ಲ ಒಳಗ ಬಿತ್ತು.”

ಗೇಟಿನೊಳಗೆ ನುಗ್ಗಿ ಓಡಿದೆ.

*

ಹಿಂದಿನ ಮೂಲೆಯಲ್ಲಿ ಹಿಂದೆ ಯಾವಾಗಲೋ ಗೋಡೆಗೆ ಕಲ್ಲು ತೆಗೆದು ಬಿಟ್ಟ ತಗ್ಗು ಇದೆ. ಸೊಂಟದ ಆಳ, ಮೂರು ಕಡೆ ಬಂಡೆ. ಹುಡುಗರು ಅದಕ್ಕೆ ಮೇಲೆ ತಗಡಿನ ಪತ್ರಾ ಹೊಚ್ಚಿ, ಎದುರಿಗೆ ಆ ಹಾಸುಗಲ್ಲನ್ನು ನಿಲ್ಲಿಸಿದ್ದರು. ಹುಡುಗಿಯರು ಬರುವುದು ಕಂಡು, ಜಯಶ್ರೀ ತನ್ನ ಮಾತು ಹೇಳುವ ಮೊದಲೇ ಸರಿಸಲು ತಳ್ಳಿದಾಗ ಹಸಿ ಮಣ್ಣಿನಲ್ಲಿ ಪೈಪು ಹೂತುಕೊಂಡು, ಕಲ್ಲು ಪಕ್ಕಕ್ಕೆ ಉರುಳುವ ಬದಲು ಪತ್ರಾ ಕೆಡವಿಕೊಂಡು ಒಳಕ್ಕೆ ವಾಲಿತ್ತು. ಈಗ ಅದು ಗೋಡೆಗೆ ಒರಗಿಸಿದ ಏಣಿಯ ಹಾಗೆ ಇತ್ತು. ಬುಡ ಹೊರಗಿನ ಮಣ್ಣಿನಲ್ಲಿ. ತುದಿ ಹಿಂದಿನ ಬಂಡೆಯ ಒಂದು ಅಂಚಿನ ಮೇಲೆ. ಆ ಅಂಚು ನಾಲ್ಕು ಬೆರಳಿಗಿಂತ ಅಗಲ ಇರಲಿಲ್ಲ. ಅದರ ಕೆಳಗೆ ಕತ್ತಲೆ.

ಯುವರಾಜ ಬುಡಕ್ಕೆ ಎರಡೂ ಕೈ ಹಾಕಿ ಎಳೆಯುತ್ತಿದ್ದ. ಉಗುರುಗಳಲ್ಲಿ ರಕ್ತ.

“ಪ್ರಿಯಾ!” ಎಂದೆ. “ಪ್ರಿಯದರ್ಶಿನೀ!”

ಏನೂ ಇಲ್ಲ.

“ಆವಾಗಿಂದ ಕರಿಯಾಕತ್ತೇವ್ರಿ,” ಎಂದ ಯುವರಾಜ. “ಓ ಅನವಲ್ಲಳು.” ಹದಿನೇಳು ವರ್ಷದ ಹುಡುಗನ ಹಲ್ಲು ಕಟಕಟ ಅನ್ನುತ್ತಿತ್ತು.

ಹಾಡು ಹತ್ತಿರ ಬರುತ್ತಿತ್ತು. ಜಾಲಿ ಗಿಡಗಳ ಹಿಂದೆ ಮೇಣದಬತ್ತಿಗಳ ಸಾಲು. ಸಂದಿಗೆ ಕಿವಿ ಇಟ್ಟೆ. ಉಸಿರು ಇದೆಯೋ ಇಲ್ಲವೋ ಕೇಳಿಸುತ್ತಿರಲಿಲ್ಲ, ಹಾಡಷ್ಟೇ ಕೇಳಿಸುತ್ತಿತ್ತು.

“ಹಾಡ ನಿಲ್ಲಸ್ರಿ!”

ನನ್ನ ಧ್ವನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಮುಂದಿನವರು ನಿಲ್ಲಿಸಿದರು, ಹಿಂದಿನವರು ಒಂದು ಸಾಲು ಹಾಡಿ ನಿಲ್ಲಿಸಿದರು. ಗಂಡಸರು ಕಂಡರು, ಓಡಿ ಬಂದರು. ಏಳೆಂಟು ಜನ ಬುಡಕ್ಕೆ ಕೈ ಹಾಕಿದರು. “ಹಿಡೀರಿ ಹಿಡೀರಿ! ಎಲ್ಲಾರೂ ಕೂಡಿ ಎಳೀರಿ!”

“ಬ್ಯಾಡ!”

ಅವರು ನನ್ನ ಮುಖ ನೋಡಿದರು.

“ಎಳಿಬ್ಯಾಡ್ರಿ. ಇಲ್ಲಿ ಎಳದ್ರ ಅಲ್ಲಿ ತುದಿ ಜಾರತೈತಿ. ಬಿಡ್ರಿ ಕೈ. ಎಲ್ಲಾರೂ ಬಿಡ್ರಿ.”

ಊಟಕ್ಕೆ ಕೂತಾಗ ದಯಾನಂದ ಕಲ್ಲಿನ ಮಾತೇ ಆಡುತ್ತಿದ್ದರು. ನಾನು ಅರ್ಧ ಕೇಳುತ್ತಿದ್ದೆ. ಕಲ್ಲು ಎತ್ತೂದು ಆಮ್ಯಾಲ, ಮೊದಲ ಅದರ ಕೆಳಗ ಒತ್ತು ಕೊಡಬೇಕು, ಅನ್ನುತ್ತಿದ್ದರು.

“ಅಕ್ಕಾರ ಹೇಳೂದ ಖರೆ ಐತಿ.” ಹಿಂದಿನಿಂದ ಬಂದ ಮಾತು. ಮುರ್ತುಜಸಾಬ. ಸ್ಮಶಾನದ ಗೋಡೆಗೆ ಹತ್ತಿಯೇ ಅವರ ಮನೆ. ದಯಾನಂದನ ಜೊತೆಗೇ ಕೆಲಸ ಮಾಡಿದವರು. ಬನಿಯನ್ ಲುಂಗಿಯಲ್ಲಿ, ಕೈಯಲ್ಲಿ ಹಾರೆ ಹಿಡಿದು, ಗೋಡೆ ಹಾರಿ ಬಂದಿದ್ದರು. ಬಗ್ಗಿ ಕಲ್ಲಿನ ಎರಡೂ ಕಡೆ ನೋಡಿದರು. “ಲೇ ಹುಡುಗಾ, ತಲಿಗಾತ್ರದ ಕಲ್ಲ ಆರಿಸಿ ತಾ. ಪಟಪಟ.”

“ಕ್ರೇನಿಗೆ ಫೋನ್ ಮಾಡೂನೇನ್ರಿ?” ಎಂದರು ಪಾಸ್ಟರ್.

“ಅವತ್ತ ಕ್ರೇನ್ ಕಾದ್ವಿ,” ಎಂದರು ಮುರ್ತುಜಸಾಬ. ನನ್ನ ಕಡೆ ನೋಡಲಿಲ್ಲ. “ಇವತ್ತ ಕಾಯೂದು ಬ್ಯಾಡ.”

ಅವರು ಒಂದೊಂದೇ ಕಲ್ಲನ್ನು ಒಳಗೆ ನೂಕಿ, ಹಾಸುಗಲ್ಲಿನ ಹೊಟ್ಟೆಯ ಕೆಳಗೆ ಒತ್ತು ಕೂರಿಸತೊಡಗಿದರು. ಪ್ರತಿ ಕಲ್ಲಿಗೂ ಮೇಲಿನ ತುದಿ ಒಂದಿಷ್ಟು ಕಿರ್ರ್ ಅನ್ನುತ್ತಿತ್ತು. ಒಳಗಿನಿಂದ ಇನ್ನೂ ಏನೂ ಇಲ್ಲ. ಹಿಂದೆ ಕೋಲಿನ ಸದ್ದು ಕೇಳಿಸಿತು. ಜನ ದಾರಿ ಬಿಟ್ಟರು.

“ಪಿರಿಯಾ!” ಕಾಶಪ್ಪಜ್ಜ ಕರೆದರು. “ಏ ಪಿರಿಯಾ! ನಾ ಅಜ್ಜ ಅದೀನವಾ!”

ಅಜ್ಜ ಕರದ್ರ? ಅಜ್ಜ ಕರದ್ರೂ.

ಸಂದಿಗೆ ಬಾಯಿ ಹಚ್ಚಿದೆ. ಮಣ್ಣಿನ ವಾಸನೆ. ಜಯಶ್ರೀಯ ಮಾತನ್ನು ನಾನು ಹೇಳಬೇಕು. ಹೇಳಿದ ಮೇಲೂ ಉತ್ತರ ಬರದಿದ್ದರೆ? ಹೇಳುವ ತನಕ ಅವಳು ಬದುಕಿರಬಹುದು. ಹೇಳಿದರೆ ಗೊತ್ತಾಗಿಬಿಡುತ್ತದೆ.

“ಈ ಕಲ್ಲು,” ಎಂದೆ. “ಈ ಕಲ್ಲು ಸರಿಸಿಕೊಡುವವರು ನಮಗೆ ಯಾರಿದ್ದಾರೆ?”

ಒಂದು ಉಸಿರು. ಎರಡು.

“ಹೆದರಬೇಡಿರಿ,” ಎಂದಿತು ಒಳಗಿನಿಂದ. ಸಣ್ಣ ಧ್ವನಿ, ಅಚ್ಚುಕಟ್ಟಾದ ಉಚ್ಚಾರ. ಆಮೇಲೆ ಅಳುತ್ತ, “ಅಕ್ಕಾರ, ನಾ ಓ ಅಂದಿಲ್ರಿ. ಎಲ್ಲಾರೂ ಕರದ್ರು. ನಾ ಓ ಅಂದಿಲ್ಲ.”

ಹಿಂದೆ ತಾಯವ್ವ ನೆಲಕ್ಕೆ ಕೂತ ಸದ್ದು ಕೇಳಿಸಿತು.

“ಭಾಳ ಚಲೋ ಮಾಡಿದಿ. ಈಗ ಮಾತಾಡು. ಎಲ್ಲೆರ ನೋವು ಆಗೈತೇನು?”

“ಇಲ್ಲ. ಅಂಗಿ ಸಿಕ್ಕೊಂಡೈತ್ರಿ, ಕಲ್ಲಿನ ಕೆಳಗ. ಎಳದ್ರ ಬರವಲ್ದು.”

“ಎಳಿಬ್ಯಾಡ. ಅಂಗಿ ಬಿಚ್ಚು.”

“ಹೊಲಸಾದ್ರ ಜಯಕ್ಕ ಬೈತಾಳ.”

“ಬೈಯಂಗಿಲ್ಲವಾ,” ಎಂದಳು ಜಯಶ್ರೀ, ಬಿಕ್ಕುತ್ತ.

“ಎಲ್ಲಾರೂ ಅದಾರ. ನಾ ಚಡ್ಡಿ ಮ್ಯಾಲ ಹೆಂಗ ಬರಲಿ?”

“ಎಲ್ಲಾರೂ ಆ ಕಡೆ ಮಾರಿ ಮಾಡ್ತಾರ.” ತಲೆ ಎತ್ತಿ ನೋಡಿದೆ. ನೂರು ಜನ, ಮೇಣದಬತ್ತಿ ಹಿಡಿದು, ಬೆನ್ನು ತಿರುಗಿಸಿ ನಿಂತರು. ಕಾಶಪ್ಪಜ್ಜನೂ ತಿರುಗಿದರು. ಅವರ ಬೆನ್ನು ಅಲ್ಲಾಡುತ್ತಿತ್ತು.

ಒಳಗೆ ಬಟ್ಟೆಯ ಸರಬರ. ಕಲ್ಲು ಮತ್ತೆ ಕಿರ್ರ್ ಅಂದಿತು. ಮುರ್ತುಜಸಾಬ ಹಾರೆಗೆ ಎದೆ ಕೊಟ್ಟು ನಿಂತಿದ್ದರು, ಕುತ್ತಿಗೆಯ ನರ ಉಬ್ಬಿತ್ತು. “ಅಕ್ಕಾರ,” ಎಂದರು ಮೆಲ್ಲಗೆ, “ಲಗೂನ.”

ಕೈ ಒಳಗೆ ಚಾಚಿದೆ, ಭುಜದ ತನಕ. ಕತ್ತಲೆಯಲ್ಲಿ ಏನೂ ಸಿಗಲಿಲ್ಲ. ಮಣ್ಣು, ಬಂಡೆ, ನನ್ನದೇ ಸೀರೆಯ ಜರಿ. ಆಮೇಲೆ ಐದು ತಣ್ಣನೆಯ ಬೆರಳು. ಎಳೆದೆ. ತಲೆ ಬಂತು, ಭುಜ ಬಂತು, ಸೊಂಟ ತಡೆಯಿತು, ಮತ್ತೆ ಬಂತು. ಅವಳು ನನ್ನ ಕುತ್ತಿಗೆಗೆ ಜೋತುಬಿದ್ದಳು. ಸೆರಗು ಸುತ್ತಿದೆ.

ನಾವು ಹತ್ತು ಹೆಜ್ಜೆ ಹಿಂದೆ ಸರಿದ ಮೇಲೆ ಮುರ್ತುಜಸಾಬ ಹಾರೆ ಸಡಿಲ ಬಿಟ್ಟರು. ಒತ್ತುಗಲ್ಲುಗಳು ಒಂದೊಂದಾಗಿ ಹೊರಳಿದವು. ಹಾಸುಗಲ್ಲು ಬಿತ್ತು. ಆ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ತಟ್ಟಿತು. ಪ್ರಿಯದರ್ಶಿನಿ ಕೂತಿದ್ದ ಜಾಗ ಈಗ ಇರಲಿಲ್ಲ.

ಕೂಸನ್ನು ಎದೆಗೆ ಅವಚಿಕೊಂಡೆ. ಒಂದೂವರೆ ವರ್ಷದಿಂದ ಯಾರನ್ನೂ ಹೀಗೆ ಹಿಡಿದಿರಲಿಲ್ಲ, ಮಣ್ಣು ಕೊಡುವಾಗ ಕೂಡ. ಈಗ ಕೈ ಬಿಡಲೊಲ್ಲದು. ಹಾಗೇ ನೆಲಕ್ಕೆ ಕೂತುಬಿಟ್ಟೆ.

*

ಯುವರಾಜನ ಅಪ್ಪ ಅವನ ಕಪಾಳಕ್ಕೆ ಹೊಡೆದ. ಇನ್ನೊಂದು ಹೊಡೆಯಲು ಕೈ ಎತ್ತಿದ. ಯುವರಾಜ ಮುಖ ಮುಚ್ಚಿಕೊಳ್ಳಲಿಲ್ಲ.

“ಇವತ್ತಿಗೆ ಮುಗೀತು,” ಎಂದರು ಕಾಶಪ್ಪಜ್ಜ. ಮೊಮ್ಮಗಳನ್ನು ಅಪ್ಪಿಕೊಂಡಿದ್ದರು, ಧ್ವನಿ ಒಡೆದಿತ್ತು. “ಇನ್ನ ಹುಡುಗೂರ ಕೈಯಾಗ ಏನೂ ಬ್ಯಾಡ. ಗಂಟಿನೂ ಬ್ಯಾಡ, ಓದೂದೂ ಬ್ಯಾಡ. ಚಾಪಿ ಮ್ಯಾಲ ಕುಂದರ್ಲಿ. ಹೌದಿಲ್ಲೋ ಸುಗುಣಾ?”

ಪಾಸ್ಟರ್ ತಲೆ ತಗ್ಗಿಸಿದ್ದರು. ಎಲ್ಲರೂ ನನ್ನ ಹೂಂಗೆ ಕಾದರು. ಮಕ್ಕಳೂ ಕಾದರು.

“ಯುವರಾಜಗ ಹೊಡಿಬ್ಯಾಡ್ರಿ,” ಎಂದೆ. “ಶುಕ್ರವಾರ ಅವ ನನ್ನ ಕೇಳಿದ್ದ. ಖರೆ ಕಲ್ಲ ತರೂನೇನ್ರಿ ಅಂತ ಬಾಯಿ ಬಿಟ್ಟ ಕೇಳಿದ್ದ. ನಾ ಹೂಂ ಅಂದೆ. ಏನ್ ಕೇಳಿದ ಅಂತ ನಾ ಕೇಳಿಸಿಕೊಂಡಿದ್ದಿಲ್ರಿ. ನಂದ ತಪ್ಪು. ಕಲ್ಲಿನ ಕೆಲಸಕ್ಕ ಗಂಡನ್ನ ಕೊಟ್ಟಾಕಿ ನಾ, ನನಗ ಗೊತ್ತಿರಬೇಕಿತ್ತು.”

ಹೊತ್ತು ಹುಟ್ಟಿತ್ತು, ಮೇಣದಬತ್ತಿಗಳು ಬಿಸಿಲಿನಲ್ಲಿ ಸುಮ್ಮನೆ ಉರಿಯುತ್ತಿದ್ದವು. ಕಾಶಪ್ಪಜ್ಜ ನನ್ನ ಕಡೆ ತಿರುಗಿದರು. ಬೈಯುತ್ತಾರೆಂದುಕೊಂಡೆ.

“ಗೇಟಿನ್ಯಾಗ ಹಾಡ ಎತ್ತಿದಾಂವ ನಾ,” ಎಂದರು. ಅಷ್ಟೇ ಅಂದು, ಪ್ರಿಯದರ್ಶಿನಿಯ ಕೈ ಹಿಡಿದು ಹೊರಟರು. ಆ ಬೆಳಿಗ್ಗೆ ಗೋರಿಗಳಿಗೆ ಹೂ ಇಡುವುದನ್ನು ಅರ್ಧ ಜನ ಮರೆತರು. ನಾನೂ ಮರೆತೆ.

ಮುಂದಿನ ಭಾನುವಾರ ಮಕ್ಕಳ ಶಾಲೆಗೆ ಇಪ್ಪತ್ತಾರರಲ್ಲಿ ಹನ್ನೊಂದು ಮಕ್ಕಳು ಬಂದರು. ಪ್ರಿಯದರ್ಶಿನಿ ಬಂದಿದ್ದಳು, ಆದರೆ ಅಜ್ಜನ ಪಕ್ಕವನ್ನು ಬಿಟ್ಟು ಏಳಲಿಲ್ಲ. ಬಾಗಿಲು ಧಡ್ ಎಂದರೆ ಅವಳೂ ಬೆಚ್ಚುತ್ತಿದ್ದಳು, ನಾನೂ ಬೆಚ್ಚುತ್ತಿದ್ದೆ. ಮಕ್ಕಳ ಕೈಯಲ್ಲಿ ಏನು ಬಿಡುವುದು, ಏನು ತೆಗೆಯುವುದು ಎಂಬುದನ್ನು ಹಿರಿಯರು ಇನ್ನೂ ತೀರ್ಮಾನಿಸಿರಲಿಲ್ಲ.

ಆರಾಧನೆ ಮುಗಿದ ಮೇಲೆ ಹಾಡಿನ ಪುಸ್ತಕಗಳನ್ನು ಒಟ್ಟುತ್ತಿದ್ದೆ. ಯುವರಾಜ ಬಾಗಿಲಲ್ಲಿ ನಿಂತ. ಬೆರಳಿಗೆಲ್ಲ ಪಟ್ಟಿ. ಒಳಗೆ ಬರಲೋ ಬೇಡವೋ ಎಂದು ಒಂದು ಕಾಲು ಹೊಸ್ತಿಲ ಮೇಲೆ. ನೆಲ ನೋಡುತ್ತ, ತುಟಿಯೊಳಗೇ ಏನೋ ಕೇಳಿದ.

ಪುಸ್ತಕಗಳನ್ನು ಕೆಳಗಿಟ್ಟೆ. ಹತ್ತಿರ ಹೋದೆ.

“ನನಗ ಕೇಳಿಸಲಿಲ್ಲ,” ಎಂದೆ. “ಇನ್ನೊಮ್ಮಿ ಹೇಳು. ಪೂರ್ತಿ ಹೇಳು.”